ಗಜನಿ ಊರಿನ ದೆವ್ವ, ಇಬ್ಬರು ಗಂಡಸರ ಪ್ರೀತಿ, 1976ರ ಒಂದು ಸಾವು: ಕಾದಂಬರಿಯ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಉಪ್ಪಿನಕೇರಿ ಕೇಳಿದ್ದು:

ಉತ್ತರ ಕನ್ನಡದ ಅಘನಾಶಿನಿ ಅಳಿವೆಯೊಳಗೆ ಒಂದು ಕಲ್ಪಿತ ಕುರ್ವೆ (ನಡುಗಡ್ಡೆ). ಅಲ್ಲಿ ನಡೆಯುವ ಕಾದಂಬರಿಯ ಮೊದಲ ಕರಡು ಮುಗಿದಿದೆ, 32 ಅಧ್ಯಾಯ. ಪ್ರೀತಿ, ದೆವ್ವ, ಪತ್ತೇದಾರಿ ಮೂರೂ ಬೇಕು, ಯಾವುದನ್ನೂ ಬಿಡಲು ಮನಸ್ಸಿಲ್ಲ.

ಕತೆ ಹೀಗಿದೆ. 1976ರಲ್ಲಿ ಗಜನಿ ಗದ್ದೆ (ಅಳಿವೆಯ ಉಪ್ಪುನೀರು ಬಂದುಹೋಗುವ ಗದ್ದೆ) ಗೇಣಿ ಮಾಡುವ ಮಾದು, ಒಡೆಯರ ಮನೆಯ ಕಿರಿ ಮಗ ಶ್ರೀಪಾದ. ಇಬ್ಬರ ನಡುವೆ ಪ್ರೀತಿ. ದೀಪಾವಳಿ ಅಮಾವಾಸ್ಯೆ ರಾತ್ರಿ ಮಾದು ನೀರುಪಾಲಾಗುತ್ತಾನೆ. 'ಹತ್ತೂವರೆಗೆ ಹೊಳೆ ಕವಲು ದಾಟಿ ಆಚೆ ನಡೆದು ಹೋಗಿದ್ದನ್ನ ನೋಡಿದೆ, ಕುಡಿದಿದ್ದ' ಎಂದು ಒಬ್ಬ ಸಾಕ್ಷಿ ಹೇಳುತ್ತಾನೆ. ಅಲ್ಲಿಗೆ ಕಡತ ಮುಚ್ಚುತ್ತದೆ. 2025ರಲ್ಲಿ ಅದೇ ಮನೆ ಮಾರಲು ಬೆಂಗಳೂರಿಂದ ನಿಖಿಲ ಬರುತ್ತಾನೆ. ಶ್ರೀಪಾದ ಅವನ ಅಜ್ಜನ ತಮ್ಮ. ಗಜನಿಯನ್ನು ಸಿಗಡಿಗೆ ಗುತ್ತಿಗೆ ಹಿಡಿದಿರುವವನು ಗಣಪತಿ. ನಿಖಿಲ, ಗಣಪತಿ ಹತ್ತಿರವಾಗುತ್ತಾರೆ. ಮನೆಯಲ್ಲಿ ಮಾದುವಿನ ದೆವ್ವ ಕಾಣಿಸಿಕೊಳ್ಳುತ್ತದೆ.

ತೊಂದರೆಗಳು: ದೆವ್ವ ನನಗೆ ಬೇಕಾದಾಗ ಬರುತ್ತದೆ, ಬೇಡದಾಗ ಮಾಯ. ಓದಿದ ಇಬ್ಬರೂ 'ಇದು ನಿಮ್ಮ ಅನುಕೂಲದ ದೆವ್ವ' ಎಂದರು. ಕೊನೆಗೆ ಕೊಲೆ ಹೇಗಾಯಿತೆಂದು ದೆವ್ವವೇ ಬಾಯಿಬಿಟ್ಟು ಹೇಳುತ್ತದೆ, ಅದು ಸಪ್ಪೆ. ಕೊಲೆಗೆ ಕಾರಣವಾಗಿ 'ಮನೆತನದ ಮಾನ' ಅಂತ ಇಟ್ಟಿದ್ದೇನೆ, ಅದೂ ಗಟ್ಟಿಯಿಲ್ಲ. ಸಣ್ಣ ಊರಲ್ಲಿ ಇಬ್ಬರು ಗಂಡಸರು ಹೇಗೆ ಸೇರುತ್ತಾರೆ, ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದೂ ನಂಬುವ ಹಾಗೆ ಬಂದಿಲ್ಲ. ಊರು, ನೀರು, ಕಾಗದಪತ್ರ ಬಲ್ಲವರು ದಯವಿಟ್ಟು ಹೇಳಿ. ಎಲ್ಲವನ್ನೂ ಕಿತ್ತು ಮತ್ತೆ ಬರೆಯಲು ತಯಾರಿದ್ದೇನೆ.


ತದಡಿ ದಕ್ಕೆ:

ನಿಮ್ಮ ದೆವ್ವಕ್ಕೆ ನಿಯಮ ಹೊರಗಿಂದ ತರುವುದೇ ಬೇಡ. ಗಜನಿಯಲ್ಲೇ ಇದೆ.

ಗಜನಿ ಅಂದರೆ ಉಪ್ಪುನೀರು ಮತ್ತು ಸಿಹಿನೀರು ಪಾಳಿ ಹಾಕಿಕೊಂಡು ಆಳುವ ನೆಲ. ಜೂನ್‌ನಲ್ಲಿ ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ ಕಗ್ಗ ಭತ್ತದ ಮೊಳಕೆ ಚೆಲ್ಲುತ್ತಾರೆ. ಒಡ್ಡು ಭದ್ರ ಮಾಡಿ ತೂಬಿಗೆ ಹಲಗೆ ಇಳಿಸಿರುತ್ತಾರೆ, ಹೊರಗಿನ ನೀರು ಒಳಗೆ ಬರುವಂತಿಲ್ಲ. ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಕೊಯ್ಲು. ಕೊಯ್ಲಾದ ಮೇಲೆ ಹಲಗೆ ಎತ್ತುತ್ತಾರೆ. ಉಬ್ಬರದ ನೀರಿನ ಜೊತೆ ಸಿಗಡಿ, ಏಡಿ, ಮೀನು ಒಳಗೆ ಬರುತ್ತವೆ. ಇಳಿತದಲ್ಲಿ ನೀರು ಹೊರಗೆ ಹೋಗುವಾಗ ತೂಬಿನ ಬಾಯಿಗೆ ಬಲೆ ಕಟ್ಟಿ ಹಿಡಿಯುತ್ತಾರೆ, ಹೆಚ್ಚಾಗಿ ರಾತ್ರಿ, ಅದೂ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು, ಯಾಕೆಂದರೆ ಆಗ ನೀರಿನ ಓಟ ಜೋರು. ಕತ್ತದ ಹಗ್ಗ, ಬಲೆಯ ಚೀಲ, ಒಂದು ಬ್ಯಾಟರಿ, ಸೊಂಟಮಟ್ಟ ಕೆಸರು. ಗಣಪತಿಯ ಕೆಲಸ ಇದೇ ಆದರೆ ಅವನು ರಾತ್ರಿ ಎಷ್ಟು ಗಂಟೆಗೆ ಎಲ್ಲಿರುತ್ತಾನೆ ಎಂಬುದನ್ನು ಚಂದ್ರನೇ ತೀರ್ಮಾನಿಸುತ್ತಾನೆ.

ಈಗ ನಿಯಮ: ಉಪ್ಪುನೀರು ಮುಟ್ಟಿದ ಜಾಗಕ್ಕೆ ಮಾತ್ರ ಮಾದು ಬರಬಲ್ಲ. ಇಷ್ಟೇ ಇಡಿ, ಬೇರೇನೂ ಬೇಡ. ಇದರಿಂದ ಏನೇನಾಗುತ್ತದೆ ನೋಡಿ. ಮಳೆಗಾಲದಲ್ಲಿ ಹೊಳೆಯೇ ಸಿಹಿಯಾಗಿರುತ್ತದೆ, ಒಡ್ಡು ಮುಚ್ಚಿರುತ್ತದೆ, ಮನೆ ಶಾಂತ. ನಿಖಿಲ ಜೂನ್‌ನಲ್ಲಿ ಬರಲಿ, ಗಣಪತಿಯ ಪರಿಚಯ, ಸಲಿಗೆ ಮಳೆಯೊಳಗೆ ಬೆಳೆಯಲಿ. ಕೊಯ್ಲು ಮುಗಿದು ಹಲಗೆ ಎತ್ತುವವನು ಗಣಪತಿಯೇ. ತನಗರಿವಿಲ್ಲದೆ ದೆವ್ವವನ್ನು ಒಳಗೆ ಬಿಟ್ಟವನೂ ಅವನೇ. ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆಗೆ ನೀರು ಎಷ್ಟು ಮುಂದೆ ಬರುತ್ತದೋ ಅಷ್ಟು ಮುಂದೆ ಮಾದು ಬರುತ್ತಾನೆ: ಮೊದಲು ಒಡ್ಡಿನ ಮೇಲೆ, ಆಮೇಲೆ ತೆಂಗಿನ ಬುಡ, ಆಮೇಲೆ ಬಚ್ಚಲ ಹಿಂದೆ. ಅಷ್ಟಮಿ ಹೊತ್ತಿಗೆ ಹಿಂದೆ ಸರಿಯುತ್ತಾನೆ. ಓದುಗ ಎರಡನೇ ಸಲಕ್ಕೇ ಲೆಕ್ಕ ಹಿಡಿಯುತ್ತಾನೆ, ಮೂರನೇ ಅಮಾವಾಸ್ಯೆಗೆ ತಾನೇ ಹೆದರಿ ಕಾಯುತ್ತಾನೆ. 'ಅನುಕೂಲದ ದೆವ್ವ' ಎಂಬ ದೂರು ಅಲ್ಲಿಗೆ ನಿಲ್ಲುತ್ತದೆ.

ನಿಯಮಕ್ಕೆ ಒಂದು ಚೋರಗಂಡಿಯನ್ನೂ ಮೊದಲೇ ತೋರಿಸಿಡಿ: ಉಪ್ಪು. ಸಾಣಿಕಟ್ಟಾದ ಉಪ್ಪು ಹತ್ತಿರದಲ್ಲೇ ಬೆಳೆಯುತ್ತದೆ, ಹಳೇ ಮನೆಯ ಅಡುಗೆಮನೆಯಲ್ಲಿ ಉಪ್ಪಿನ ಮರಿಗೆ ಇದ್ದೇ ಇರುತ್ತದೆ. ಮಳೆಗಾಲದ ತೇವಕ್ಕೆ ಹರಳುಪ್ಪು ತಾನೇ ನೀರೊಡೆದು ಸುತ್ತ ಹಲಗೆಯೆಲ್ಲ ಒದ್ದೆ ಮಾಡುತ್ತದೆ. ಹೊರಗೆ ಎಲ್ಲೂ ಬರಲಾಗದ ಜುಲೈಯಲ್ಲಿ ಒಮ್ಮೆ ಮಾತ್ರ, ಆ ಮರಿಗೆಯ ಸುತ್ತ ಒಂದು ಮೊಳ ಜಾಗದಲ್ಲಿ, ಒದ್ದೆ ಕೈಯ ಗುರುತು. ಅಷ್ಟು ಸಾಕು.

ಉಬ್ಬರ, ಇಳಿತದ ಲೆಕ್ಕ ಗೊತ್ತಿರಲಿ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಎರಡು ಸಲ, ಮಾರನೇ ದಿನ ಸುಮಾರು 50 ನಿಮಿಷ ತಡ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಸಮುದ್ರ ತುಂಬುವುದು ಹಗಲೂ ರಾತ್ರಿಯೂ ಹನ್ನೊಂದು ಗಂಟೆಯ ಆಸುಪಾಸು, ಇಳಿದಿರುವುದು ಐದರ ಸುಮಾರಿಗೆ. ಅಳಿವೆಯ ಒಳಗೆ ಹೋದಷ್ಟೂ ತಡ, ಕುರ್ವೆ ಹತ್ತಿರ ಒಂದು ಗಂಟೆ ಹಿಂದೆ ಎಂದಿಟ್ಟುಕೊಳ್ಳಿ. ಆ ದಿನಗಳಲ್ಲಿ ಏರಿಳಿತದ ಅಂತರ ಸುಮಾರು ಎರಡು ಮೀಟರ್, ಅಷ್ಟಮಿಗೆ ಅದರ ಅರ್ಧದ ಹತ್ತಿರ.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣ ನಿಮ್ಮ ಸಾಕ್ಷಿ. ಅಮಾವಾಸ್ಯೆ ರಾತ್ರಿ ಹತ್ತೂವರೆಗೆ ಹೊಳೆ ಕವಲನ್ನು ನಡೆದು ದಾಟಿದ್ದನ್ನು ಅವನು ನೋಡಿದ್ದನೇ? ಆ ಹೊತ್ತಿಗೆ ಅಲ್ಲಿ ನಡೆಯಲು ನೆಲ ಸಿಗುವುದಿಲ್ಲ. ಅವನು ಸುಳ್ಳು ಹೇಳುತ್ತಿದ್ದಾನೆ. ನಿಮಗೆ ಗೊತ್ತಿಲ್ಲದೆಯೇ ಕೊಲೆಗಾರನ ಗಂಟು ಬಿಚ್ಚುವ ಎಳೆ ನಿಮ್ಮ ಕರಡಿನಲ್ಲೇ ಕೂತಿದೆ.


ಹಳೇ ಪಹಣಿ:

ಕೊಲೆಗೆ 'ಮಾನ' ಸಾಲದು ಎಂಬ ನಿಮ್ಮ ಅನುಮಾನ ಸರಿ. 1976 ಎಂದು ಇಟ್ಟಿರಲ್ಲ, ಆ ವರ್ಷವೇ ಕಾರಣ ಕೊಡುತ್ತದೆ.

ಭೂ ಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯ ಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಡುತ್ತಿತ್ತು. ಅರ್ಜಿಗೆ ಕೊನೆಯ ಗಡುವು ಮುಂದೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಅಂದರೆ 1976ರಲ್ಲಿ ಆ ಕುರ್ವೆಯ ಪ್ರತಿ ಮನೆಯಲ್ಲೂ ಇದೇ ಮಾತು. ಡಿಕ್ಲರೇಷನ್ (ಇದೇ ನಮೂನೆ 7ರ ಅರ್ಜಿ) ಹಾಕಿದವರು, ಹಾಕದಂತೆ ಒಡೆಯರು ತಡೆದವರು, ಹಾಕಿ ವಾಪಸ್ ತೆಗೆದುಕೊಂಡವರು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಗೇಣಿದಾರ ಸತ್ತರೆ ಹಕ್ಕು ಸಾಯುವುದಿಲ್ಲ, ವಾರಸುದಾರರು ಮುಂದುವರಿಸಬಹುದು. ಮಾದುವಿನ ಅವ್ವ ಇದ್ದರೆ ಅವಳೇ ಅರ್ಜಿದಾರಳು. ಹಾಗಾಗಿ 'ಜಮೀನು ಉಳಿಸಿಕೊಳ್ಳಲು ಕೊಂದರು' ಎಂದಷ್ಟೇ ಬರೆದರೆ ಕಾಯ್ದೆ ಗೊತ್ತಿರುವ ಓದುಗ ಪುಸ್ತಕ ಮುಚ್ಚುತ್ತಾನೆ. ಅರ್ಜಿ ಗೆಲ್ಲಲು ಬೇಕಾದದ್ದು ಸಾಗುವಳಿಯ ಪುರಾವೆ: ಪಹಣಿಯ ಕಲಂ 12ರಲ್ಲಿ ಸಾಗುವಳಿದಾರನ ಹೆಸರು, ಗೇಣಿ ಕೊಟ್ಟ ಚೀಟಿ, ಅಕ್ಕಪಕ್ಕದವರ ಹೇಳಿಕೆ. ಬಾಯಿಮಾತಿನ ಗೇಣಿಯಲ್ಲಿ ಇವು ಯಾವುವೂ ಇರುವುದಿಲ್ಲ, ಒಡೆಯರೇ ಸ್ವಂತ ಸಾಗುವಳಿ ಎಂದು ಬರೆಸಿರುತ್ತಾರೆ. ಒಡೆಯರ ಮನೆಯ ಗೇಣಿ ಲೆಕ್ಕದ ಪುಸ್ತಕದಲ್ಲಿ ಮಾತ್ರ ಮಾದು ಯಾವ ವರ್ಷ ಎಷ್ಟು ಮುಡಿ ಭತ್ತ ಅಳೆದ ಎಂದು ಇರುತ್ತದೆ.

ಆ ಪುಸ್ತಕ ಬರೆಯುವವನು ಶ್ರೀಪಾದ ಆಗಿರಲಿ. ಓದಿದ ಮಗ, ಲೆಕ್ಕ ಅವನದೇ ಕೈ. ಪುಸ್ತಕವನ್ನು ಮಾದುವಿಗೆ ಕೊಟ್ಟು, ಮಂಡಳಿ ಮುಂದೆ ಅಪ್ಪನ ವಿರುದ್ಧ, ಅಣ್ಣನ ವಿರುದ್ಧ ಹೇಳಿಕೆ ಕೊಡಲು ಅವನು ಒಪ್ಪಿದ್ದಾನೆ. ಮನೆಯವರಿಗೆ 'ಇವನು ಯಾಕೆ ಹೀಗೆ ಮಾಡಿಯಾನು' ಎಂಬ ಪ್ರಶ್ನೆ ಹುಟ್ಟುವುದು ಆಗ. ಪ್ರೀತಿ ಬಯಲಾಗುವುದೂ ಆಗಲೇ. ಮಾದುವಿನ ಸಾವು ಶ್ರೀಪಾದನ ಬಾಯಿ ಮುಚ್ಚಿಸಲು. ಈಗ ಪ್ರೀತಿಯ ಕತೆ ಬೇರೆ, ಕೊಲೆಯ ಕತೆ ಬೇರೆ ಆಗಿ ಉಳಿಯುವುದಿಲ್ಲ. ಒಬ್ಬ ಇನ್ನೊಬ್ಬನಿಗಾಗಿ ಬರೆದ ಲೆಕ್ಕವೇ ಪ್ರೇಮಪತ್ರ, ಅದೇ ಕೊಲೆಗೆ ಕಾರಣ.

ನಿಖಿಲ ಇದನ್ನು ಹುಡುಕುವ ದಾರಿ: ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುವ ಪಹಣಿ ಸರ್ಕಾರದ 'ಭೂಮಿ' ತಂತ್ರಾಂಶ ಬಂದ ಮೇಲಿನದು, 2000ದ ಆಸುಪಾಸಿನಿಂದ ಈಚೆಗೆ. 1976ಕ್ಕೆ ಕೈಬರಹದ ಪಹಣಿ ಬೇಕು, ಸರ್ವೆ ನಂಬರ್ ಬರೆದು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬೇಕು. ಮಂಡಳಿಯ ಕಡತ ಕೇಳುವಾಗ ಅರ್ಜಿದಾರನ ಹೆಸರು, ಊರು, ಸರ್ವೆ ನಂಬರ್ ಮೂರೂ ಇರಲಿ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಈ 30 ದಿನ ಎಂದರೆ ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ, ನಿಮ್ಮ ಕತೆಗೆ ಹೇಳಿ ಮಾಡಿಸಿದ ಹಾಗಿದೆ. ಮನೆ ಮಾರಲು ಬಂದವನು ಕಾಗದ ತೆಗೆಸುವುದು ಸಹಜ, ಯಾರೂ ಅನುಮಾನಪಡುವುದಿಲ್ಲ.

ಪೊಲೀಸ್ ಕಡೆಯದು: 1976ರ ಅಸಹಜ ಸಾವು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 174ರ ಅಡಿ ಬರುತ್ತದೆ. 2024ರ ಜುಲೈ 1ರ ನಂತರದ ಸಾವಾದರೆ ಅದೇ ಕೆಲಸಕ್ಕೆ, ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 194. ಠಾಣೆಯವರ ಬಾಯಲ್ಲಿ ಎರಡಕ್ಕೂ 'ಯುಡಿಆರ್' (ಅಸಹಜ ಸಾವಿನ ವರದಿ) ಎಂದೇ ಬರೆಯಿರಿ. ಇನ್ನೊಂದು: 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ತುರ್ತು ಪರಿಸ್ಥಿತಿ. ನಿಮ್ಮ ದೀಪಾವಳಿ ಅದರ ನಡುವೆ ಬರುತ್ತದೆ. ಠಾಣೆ ಮೆಟ್ಟಿಲು ಹತ್ತಲು ಜನ ಯಾಕೆ ಹಿಂಜರಿದರು ಎಂಬುದಕ್ಕೆ ಬೇರೆ ವಿವರಣೆ ಬೇಡ.


ಉಪ್ಪಿನಕೇರಿ:

ಇಬ್ಬರಿಗೂ ಕೈಮುಗಿಯುತ್ತೇನೆ. ಸಾಕ್ಷಿಯ ಸುಳ್ಳನ್ನು ಲೆಕ್ಕ ಸಮೇತ ತೋರಿಸಬಹುದೇ? ಶವ ಪರೀಕ್ಷೆಯಲ್ಲಿ ಡಯಾಟಮ್ (ನೀರಿನ ಸೂಕ್ಷ್ಮ ಪಾಚಿ) ಪರೀಕ್ಷೆಯಿಂದ 'ಇದು ಬಾವಿಯ ನೀರು, ಹೊಳೆಯದಲ್ಲ' ಎಂದು ಹೇಳಿಸುವ ಯೋಚನೆಯೂ ಇತ್ತು.


ತದಡಿ ದಕ್ಕೆ:

ಡಯಾಟಮ್ ಬಿಡಿ. 1976ರ ತಾಲೂಕು ಆಸ್ಪತ್ರೆಯಲ್ಲಿ, ಕುಡಿದು ಬಿದ್ದ ಎಂದು ಮೊದಲೇ ತೀರ್ಮಾನವಾದ ಹೆಣಕ್ಕೆ ಅದನ್ನು ಮಾಡಿಸುವವರಿಲ್ಲ. 2025ರಲ್ಲಿ ಇನ್ನೊಂದು ಸಾವು ಇಟ್ಟರೆ ಬಳಸಬಹುದು. ಆಗಲೂ ನೆನಪಿರಲಿ, ಮೂಳೆಯ ಮಜ್ಜೆಯಲ್ಲಿ ಸಿಕ್ಕಿದ್ದನ್ನು ಹೋಲಿಸಲು ಸ್ಥಳದ ನೀರನ್ನು ಪೊಲೀಸರು ಬೇರೆ ತುಂಬಿಸಿ ಕಳಿಸಿರಬೇಕು. ಅದೂ ಬೇಸಿಗೆಯಲ್ಲಿ ಮಾತ್ರ ಗಟ್ಟಿ ಸುಳಿವು. ಜುಲೈ ತಿಂಗಳ ಅಘನಾಶಿನಿಯಲ್ಲಿ ಸಿಹಿನೀರಿನ ಪಾಚಿಯೇ ಇರುತ್ತದೆ, ಬಾವಿ ಯಾವುದು ಹೊಳೆ ಯಾವುದು ಎಂದು ಬೇರೆ ಮಾಡುವುದು ಕಷ್ಟ.

ಈಗ ಲೆಕ್ಕ. 1976ರ ದೀಪಾವಳಿ ಅಮಾವಾಸ್ಯೆಯ ರಾತ್ರಿ ಅಕ್ಟೋಬರ್ 22, ಶುಕ್ರವಾರ. ಸಮುದ್ರದಲ್ಲಿ ಸಂಜೆ ಐದಕ್ಕೆ ಪೂರ್ತಿ ಇಳಿತ ಎಂದಿಟ್ಟುಕೊಂಡರೆ ಕುರ್ವೆ ಹತ್ತಿರ ಆರು. ಏರುವ ಆರು ಗಂಟೆಯನ್ನು ದೋಣಿಯವರು ಹನ್ನೆರಡು ಪಾಲು ಮಾಡುತ್ತಾರೆ: ಮೊದಲ ಗಂಟೆಗೆ ಒಂದು ಪಾಲು ಏರುತ್ತದೆ, ಎರಡನೆಯದಕ್ಕೆ ಎರಡು, ಮೂರು ನಾಲ್ಕನೆಯದಕ್ಕೆ ಮೂರು ಮೂರು, ಐದನೆಯದಕ್ಕೆ ಎರಡು, ಆರನೆಯದಕ್ಕೆ ಒಂದು. ಹತ್ತೂವರೆ ಅಂದರೆ ನಾಲ್ಕೂವರೆ ಗಂಟೆ ಕಳೆದಿದೆ, ಹತ್ತು ಪಾಲು ಏರಿ ಆಗಿದೆ. ಎರಡು ಮೀಟರಿನಲ್ಲಿ ಹತ್ತು ಪಾಲು ಎಂದರೆ ಒಂದೂವರೆ ಮೀಟರಿಗೂ ಮೇಲೆ. ಇಳಿತದಲ್ಲಿ ಮೊಣಕಾಲು ನೀರಿದ್ದ ಜಾಗದಲ್ಲಿ ಈಗ ಐದೂವರೆ ಅಡಿ ಆಳು ಮುಳುಗುತ್ತಾನೆ. ಕುಡಿದವನಿರಲಿ, ಕುಡಿಯದವನೂ ಅಲ್ಲಿ 'ನಡೆದು' ಹೋಗುವುದಿಲ್ಲ.

ಮಾದು ದಾಟಿದ್ದು ನಿಜವಾದರೆ ಸಂಜೆ ಐದೂವರೆಯಿಂದ ಏಳರೊಳಗೆ. ಆ ಹೊತ್ತಿಗೆ ಸಾಕ್ಷಿ ಎಲ್ಲಿದ್ದ? ಹತ್ತೂವರೆಯ ಸಮಯವನ್ನು ಅವನು ಯಾಕೆ ಹೇಳಿದ? ಯಾರಿಗೋ ಸಂಜೆಯ ಲೆಕ್ಕ ಬೇಡವಾಗಿತ್ತು. ಇದನ್ನು ಬಿಚ್ಚುವವನು ಗಣಪತಿ ಆಗಬೇಕು, ನಿಖಿಲ ಅಲ್ಲ. ನಿಖಿಲ ಪಂಚನಾಮೆಯನ್ನು ಹತ್ತು ಸಲ ಓದಿದರೂ ಕಾಣದ್ದು ಗಣಪತಿಗೆ ಒಂದೇ ಓದಿಗೆ ಕಾಣುತ್ತದೆ, ಅವನು ಬದುಕಿನಲ್ಲಿ ದಿನಾ ನೋಡುವುದು ಅದನ್ನೇ. 'ದೀಪಾವಳಿ ರಾತ್ರಿ' ಎಂಬ ಮಾತನ್ನು ಮೊದಲ ಮೂರು ಅಧ್ಯಾಯದೊಳಗೆ ಹೇಳಿಬಿಡಿ, ಅಮಾವಾಸ್ಯೆಗೆ ಹೊಳೆ ಯಾವಾಗ ತುಂಬುತ್ತದೆಂದು ಸಿಗಡಿ ಹಿಡಿಯುವ ದೃಶ್ಯದಲ್ಲಿ ತೋರಿಸಿಬಿಡಿ. ಎರಡೂ ಓದುಗನ ಕೈಯಲ್ಲಿದ್ದ ಮೇಲೆ ದೆವ್ವ ಬಾಯಿ ಬಿಡುವ ಅಗತ್ಯ ಎಲ್ಲಿದೆ?

ಹೆಣ ಸಿಗುವ ಬಗೆ: ಬೆಳಗಿನ ಇಳಿತಕ್ಕೆ, ಆರರ ಸುಮಾರಿಗೆ, ಬೆಳಚು (ಚಿಪ್ಪಿಕಲ್ಲು) ಹೆಕ್ಕಲು ಇಳಿದವರ ಕಣ್ಣಿಗೆ. ಆಳದಲ್ಲಿ ಬಿದ್ದಿದ್ದರೆ ಮುಳುಗಿದ ಹೆಣ ಉಬ್ಬಿ ಮೇಲೆ ಬರಲು ನಮ್ಮ ಸೆಕೆಯಲ್ಲಿ ಒಂದೆರಡು ದಿನ ಬೇಕು. ತೆಳು ನೀರಿನಲ್ಲಿ ಬಿದ್ದಿದ್ದರೆ ಮಾತ್ರ ಮಾರನೇ ಬೆಳಗ್ಗೆಯೇ ನೀರು ಸರಿದು ಬಿಟ್ಟುಕೊಡುತ್ತದೆ. ಅಲ್ಲೂ ಒಂದು ಸುಳಿವಿದೆ.


ಕತೆಕಟ್ಟು:

ಪ್ರೀತಿಯ ಭಾಗಕ್ಕೆ ಬರುತ್ತೇನೆ, ಅದನ್ನೇ ಯಾರೂ ಮುಟ್ಟಿಲ್ಲ.

ಮೊದಲನೆಯದು, ನಿಖಿಲ ದೆವ್ವವನ್ನು ಪ್ರೀತಿಸುವುದು ಬೇಡ. ಈ ಬಗೆಯ ಕತೆ ಕೈಗೆತ್ತಿಕೊಳ್ಳುವ ಓದುಗ ಕೊನೆಗೆ ಇಬ್ಬರೂ ಬದುಕಿ ಜೊತೆಗಿರುವುದನ್ನು ನೋಡಲು ಬಂದಿರುತ್ತಾನೆ. ಸಲಿಂಗಿಗಳ ಕತೆ ಎಂದರೆ ಒಬ್ಬ ಸಾಯಲೇಬೇಕು ಎಂಬುದನ್ನು ಅವನು ಸಾಕಷ್ಟು ಓದಿ ದಣಿದಿದ್ದಾನೆ. ನಿಮ್ಮಲ್ಲಿ ಒಂದು ಸಾವು ಆಗಲೇ ಇದೆ. ಅದಕ್ಕೆ ಎದುರಾಗಿ ನಿಖಿಲ, ಗಣಪತಿ ಉಳಿಯಬೇಕು. ಶ್ರೀಪಾದನನ್ನೂ ಸಾಯಿಸಬೇಡಿ. 1976ರಲ್ಲಿ 24 ವರ್ಷ ಎಂದರೆ 2025ಕ್ಕೆ 73. ಶಿರಸಿಯಲ್ಲೋ ಧಾರವಾಡದಲ್ಲೋ ಒಂಟಿಯಾಗಿ ಬದುಕಿರಲಿ. ನಿಖಿಲ ಅವನನ್ನು ಹುಡುಕಿ ಹೋಗುವುದು ಕಾದಂಬರಿಯ ಅರ್ಧದಲ್ಲಿ ಬರಲಿ, ಕೊನೆಯಲ್ಲಿ ಬೇಡ.

ಎರಡನೆಯದು, ಸಣ್ಣ ಊರು ಎಂದೊಡನೆ ಕದ್ದು ಭೇಟಿ, ಕಿಟಕಿಯಲ್ಲಿ ಇಣುಕುವ ನೆರೆಮನೆ ಎಂದು ಬರೆಯುತ್ತಾರೆ. ನಮ್ಮಲ್ಲಿ ಇಬ್ಬರು ಗಂಡಸರು ಒಂದೇ ಬೈಕಿನಲ್ಲಿ ತಿರುಗಿದರೆ, ಒಂದೇ ಕೋಣೆಯಲ್ಲಿ ಮಲಗಿದರೆ, ಯಕ್ಷಗಾನ ಮುಗಿಸಿ ಬೆಳಗಿನ ಜಾವ ಒಟ್ಟಿಗೆ ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. 35ರ ಗಂಡಸಿಗೆ ಮದುವೆಯಾಗಿಲ್ಲ ಎಂದರೂ ಅನುಮಾನವಿಲ್ಲ. ಊರಲ್ಲಿ ಉಳಿದು ತೋಟ, ಗದ್ದೆ ಮಾಡುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಮನೆಮನೆಯ ಮಾತು, ಅದೇ ಆಸರೆ. ಬಿಕ್ಕಟ್ಟು ಬರುವುದು ಹೆಣ್ಣು ಸಿಕ್ಕಾಗ. ಗಣಪತಿಗೆ ಒಂದು ಸಂಬಂಧ ಕುದುರಿ, ಜಾತಕ ಕೂಡಿ, ಅವನ ಆಯಿ ಖುಷಿಯಿಂದ ಅಳುವ ದೃಶ್ಯ ಬರೆಯಿರಿ. ಅಲ್ಲಿ ಖಳನಾಯಕ ಯಾರೂ ಇಲ್ಲ, ಅದಕ್ಕೇ ಅದು ಕಷ್ಟದ ದೃಶ್ಯ.

ಹೊರಗಿನ ಅಪಾಯ ಬೇಕೆಂದರೆ ಆ್ಯಪ್. ಮುಖವಿಲ್ಲದ ಪ್ರೊಫೈಲ್‌ಗಳು, ದೂರ ನೋಡಿದರೆ ಹೆಚ್ಚಿನವು ಮಾಜಾಳಿ ಗಡಿ ದಾಟಿ ಗೋವಾದವು. ಹತ್ತಿರದ್ದೊಂದು ಕಂಡರೆ ಅದು ಪರಿಚಯದವನೇ ಆಗಿರುವ ಭಯ. ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ದುಡ್ಡು ಕೇಳುವವರೂ ಇರುತ್ತಾರೆ. ಮನೆ ಮಾರಾಟವಾಗಲಿ ಎಂದು ಕಾಯುತ್ತಿರುವವನು ನಿಖಿಲನನ್ನು ಹೆದರಿಸಿ ಓಡಿಸಲು ಇದನ್ನೇ ಬಳಸಬಹುದು. ಅದು ಸುಲಿಗೆ, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 308. ದೂರು ಕೊಡಬಹುದು ಎಂದು ನಿಖಿಲನಿಗೆ ಗೊತ್ತಿರಲಿ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿತ ಸಂಬಂಧವನ್ನು ಆಗಿನ ಐಪಿಸಿ 377ರಿಂದ ಹೊರಗಿಟ್ಟಿದೆ, ಇವರಿಬ್ಬರು ಅಪರಾಧಿಗಳಲ್ಲ. ಆದರೆ ಮದುವೆಯ ಹಕ್ಕು ಕೇಳಿದ್ದಕ್ಕೆ 2023ರ ಅಕ್ಟೋಬರ್ 17ರ ತೀರ್ಪು ಇಲ್ಲ ಎಂದಿದೆ. ಕೊನೆಯಲ್ಲಿ ಮದುವೆ ಮಂಟಪ ಕಟ್ಟಬೇಡಿ. ಮನೆ ಮಾರದೆ ಉಳಿಸಿ, ಗಜನಿಯ ಗುತ್ತಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಬರಲಿ. ಆ ಕಾಗದ ನಿಮ್ಮ ಕತೆಯಲ್ಲಿ ಬಹಳ ತೂಗುತ್ತದೆ, ಯಾಕೆಂದರೆ ಮಾದು ಸತ್ತದ್ದು ಅಂಥ ಒಂದು ಹೆಸರಿಗಾಗಿ.

1976ರ ಭಾಗದಲ್ಲಿ 'ಸಲಿಂಗಿ' ಎಂಬ ಪದವೇ ಬರಬಾರದು. ಅವರ ಬಳಿ ಆ ಶಬ್ದ ಇಲ್ಲ. ಅವರಿಬ್ಬರ ಪ್ರೀತಿಯನ್ನು ಕರೆಯುವ ಮಾತಿನಲ್ಲಿ ತೋರಿಸಿ. ಮಾದು ಎಲ್ಲರೆದುರು 'ಒಡೇರೆ' ಎನ್ನುತ್ತಾನೆ, 'ನೀವು' ಎನ್ನುತ್ತಾನೆ. ಶ್ರೀಪಾದ ಹುಟ್ಟಿನಿಂದ ಅವನಿಗೆ 'ನೀನು' ಎಂದೇ ಹೇಳಿದವನು. ಕಣದಲ್ಲಿ ಭತ್ತ ಅಳೆಯುವಾಗ, ಎಣಿಕೆ ತಪ್ಪಿದ ಶ್ರೀಪಾದನಿಗೆ ಮಾದು, ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು, 'ನೀ ಮತ್ತೆ ಒಂದರಿಂದ ಎಣಿಸು' ಎನ್ನಲಿ. ಆ 'ನೀ' ಬಿದ್ದದ್ದು ಇಬ್ಬರಿಗೂ ಕೇಳಿಸಲಿ. ಶ್ರೀಪಾದ ಸುಮ್ಮನೆ ಒಂದರಿಂದ ಎಣಿಸಲಿ. ಮುತ್ತಿಗಿಂತ ದೊಡ್ಡದು ಅದು. 2025ರ ಜೋಡಿಗೆ ಉಲ್ಟಾ ಮಾಡಿ: ಗಣಪತಿಯ 'ಸಾರ್' ಹೋಗಿ 'ಮಾರಾಯ' ಬರುವುದು ಬೇಗ ಆಗಲಿ, ಮನಸ್ಸು ಹೇಳುವುದು ತಡವಾಗಲಿ.

ಒಂದು ವಿನಂತಿ: ಯಕ್ಷಗಾನದ ಸ್ತ್ರೀವೇಷದವನನ್ನು ತಂದು 'ಇವನೂ ಹಾಗೇ' ಎಂದು ಸೂಚಿಸಬೇಡಿ. ವೇಷ ಅವನ ಕಲೆ. ಆ ಕಲಾವಿದರಿಗೂ ಸಲಿಂಗಿಗಳಿಗೂ ಇಬ್ಬರಿಗೂ ಅದರಿಂದ ಅನ್ಯಾಯ.


ಘಟ್ಟದ ಮೇಲೆ:

ದೈವದ ವಿಷಯ ಹೇಳಿ ಹೋಗುತ್ತೇನೆ. ಈಚೆಗೆ ಕರಾವಳಿಯ ಅಲೌಕಿಕ ಕತೆ ಎಂದರೆ ಎಲ್ಲರೂ ಭೂತಕೋಲ ತರುತ್ತಾರೆ. ಕೋಲ ತುಳುನಾಡಿನದು, ಕುಮಟಾ, ಅಂಕೋಲಾದ್ದಲ್ಲ. ಇಲ್ಲಿ ಜಟಗ, ಚೌಡಿ, ಮಾಸ್ತಿ, ಬೀರ, ಹುಲಿದೇವರು. ಮರದ ಬುಡದಲ್ಲಿ ಒಂದು ಕಲ್ಲು, ವರ್ಷಕ್ಕೊಂದು ಪೂಜೆ, ಹರಕೆ. ಕಾರವಾರದ ಕಡೆ ಹೋದರೆ ಸಿಗರೇಟು, ಹೆಂಡ ಹರಕೆ ಪಡೆಯುವ ಖಾಪ್ರಿ ಇದ್ದಾನೆ. ನಿಮ್ಮ ಕುರ್ವೆಗೆ ಒಂದು ಜಟಗನ ಕಲ್ಲು ಸಾಕು, ಉಬ್ಬರ ಮುಟ್ಟದ ಎತ್ತರದಲ್ಲಿ. ಮಾದು ದಾಟಲಾಗದ ಗಡಿ ಅದು.

ದೆವ್ವ ಮಾತಾಡದೆ ಉತ್ತರ ಬರಬೇಕೆಂದರೆ ಪ್ರಸಾದ ಕೇಳುವುದು ಇದೆ. ಪೂಜಾರಿ ದೇವರ ಮೈಗೆ ಹೂವಿನ ಎಸಳನ್ನು ನೀರು ಮುಟ್ಟಿಸಿ ಎರಡೂ ಬದಿ ಅಂಟಿಸುತ್ತಾನೆ. ಕೇಳುವವರ ಮಾತನ್ನು ದೇವರಿಗೆ ಹೇಳುತ್ತಾನೆ: 'ಹೌದಾದರೆ ಬಲ ಕೊಡು.' ಆಮೇಲೆ ಕಾಯುವುದು. ನೀರು ಆರಿದಂತೆ ಎಸಳು ಸಡಿಲಾಗುತ್ತದೆ. ಒಮ್ಮೊಮ್ಮೆ ಐದು ನಿಮಿಷ, ಒಮ್ಮೊಮ್ಮೆ ಒಂದು ಗಂಟೆ, ಒಮ್ಮೊಮ್ಮೆ ಬೀಳುವುದೇ ಇಲ್ಲ. ಸಾಕ್ಷಿ ಹೇಳಿದ ಮುದುಕ ಈಗಲೂ ಬದುಕಿದ್ದರೆ ಅವನನ್ನು ಆ ಕಲ್ಲಿನ ಮುಂದೆ ಕೂರಿಸಿ. ಎಸಳು ಬೀಳುವ ಮೊದಲೇ ಅವನು ಎದ್ದು ಹೋಗಲಿ.

ಬೆಳಕಿನ ಬಗ್ಗೆ: ಕೊಳ್ಳಿದೆವ್ವ ಎಂದು ಜನ ತಪ್ಪು ತಿಳಿಯುವ ಎರಡು ಸಂಗತಿ ಇಲ್ಲಿ ನಿಜಕ್ಕೂ ಇವೆ. ಜೋರು ಮಳೆಗಾಲದಲ್ಲಿ ಘಟ್ಟದ ಕಾಡಿನ ಕೊಳೆತ ಕಟ್ಟಿಗೆಯ ಮೇಲೆ ಹಸಿರಾಗಿ ಮಿನುಗುವ ಶಿಲೀಂಧ್ರ, ಮತ್ತೆ ಕೆಲವು ವರ್ಷ ಕಾರವಾರದ ತೀರದಲ್ಲೂ ಕಂಡ ನೀಲಿ ಅಲೆ, ನೀರಿನ ಸೂಕ್ಷ್ಮಜೀವಿಗಳಿಂದ ಆಗುವುದು. ಎರಡನ್ನೂ ದಾರಿ ತಪ್ಪಿಸಲು ಬಳಸಿ, ಆದರೆ ಕಾಲ ಬೆರೆಸಬೇಡಿ. ಅಟ್ಟದ ಮೇಲಿನ ಓಡಾಟಕ್ಕೆ ಕಬ್ಬೆಕ್ಕು, ಕಿರುಚಾಟಕ್ಕೆ ಕಣಜಗೂಬೆ ಸಾಕು.

ಕಾಲದ ತಪ್ಪು ಇನ್ನೊಂದೆರಡು. 1976ಕ್ಕೆ ಕೊಂಕಣ ರೈಲಿಲ್ಲ, ಪೂರ್ತಿ ಹಳಿ ತೆರೆದದ್ದು 1998ರ ಜನವರಿಯಲ್ಲಿ. ರೇಡಿಯೋ ಎಂದರೆ ಧಾರವಾಡ ಕೇಂದ್ರ. 2024ರ ಜುಲೈ 16ರ ಶಿರೂರು ಗುಡ್ಡ ಕುಸಿತವನ್ನು ಕತೆಯ ಅಲಂಕಾರಕ್ಕೆ ತರಬೇಡಿ, ಆ ಮನೆಗಳವರು ಇದನ್ನು ಓದುತ್ತಾರೆ.


ಉಪ್ಪಿನಕೇರಿ:

ಒಂದೇ ಒಂದು ಉಳಿಯಿತು. ಮಾದುವಿಗೆ ಮುಕ್ತಿ ಹೇಗೆ? ಗೋಕರ್ಣದಲ್ಲಿ ನಾರಾಯಣಬಲಿ ಮಾಡಿಸಬಹುದೇ? ಅವನ ಮನೆಯವರು ಯಾರೂ ಉಳಿದಿಲ್ಲ.


ಘಟ್ಟದ ಮೇಲೆ:

ಅಸಹಜ ಸಾವಿಗೆ ನಾರಾಯಣಬಲಿ ಮಾಡಿಸಲು ಜನ ಗೋಕರ್ಣಕ್ಕೇ ಬರುತ್ತಾರೆ, ಅದು ಸರಿ. ಆದರೆ ಬಲಿ, ಪಿಂಡ ಎಲ್ಲ ಮಾಡಿಸಿದರೆ ದೃಶ್ಯ ವಿಧಿಯ ವಿವರದಲ್ಲಿ ಮುಳುಗುತ್ತದೆ. ತಪ್ಪೂ ನುಸುಳುತ್ತದೆ. ಚಿಕ್ಕದು ಸಾಕು: ಮರುವರ್ಷದ ಮಹಾಲಯ ಅಮಾವಾಸ್ಯೆಯ ದಿನ ಎಳ್ಳುನೀರು. ಬಿಡುವವನು 74ರ ಶ್ರೀಪಾದ.

ಭಟ್ಟರು ಸತ್ತವರ ಹೆಸರು ಕೇಳುತ್ತಾರೆ, ಸಂಬಂಧ ಏನು ಎಂದು ಕೇಳುತ್ತಾರೆ, ಗೋತ್ರ ಕೇಳುತ್ತಾರೆ. ಸುಮಾರು 50 ವರ್ಷದಲ್ಲಿ ಆ ಮುದುಕನಿಗೆ ಯಾರೂ ಕೇಳದ ಪ್ರಶ್ನೆ ಅದು. ಸರ್ವಪಿತೃ ತರ್ಪಣದಲ್ಲಿ ಅಪ್ಪ, ಅಜ್ಜ, ಮಾವ, ಗುರು ಎಲ್ಲ ಮುಗಿದ ಮೇಲೆ ಗೆಳೆಯನಿಗೂ ನೀರು ಬಿಡುವ ಜಾಗ ಇದೆ. ಹಾಗಾಗಿ ಅವನು ಸುಳ್ಳು ಹೇಳಬೇಕಾಗಿಲ್ಲ, ವಿಧಿಯನ್ನೂ ಮುರಿಯಬೇಕಾಗಿಲ್ಲ. 'ಮಿತ್ರ' ಎಂದರೆ ಸಾಕು. ಭಟ್ಟರು ಮುಂದೆ ಏನೂ ಕೇಳದೆ ಕೈಗೆ ಎಳ್ಳು ಹಾಕಲಿ. ಅವರಿಗೆ ಗೊತ್ತಾಯಿತೋ ಇಲ್ಲವೋ ಎಂದು ನೀವು ಹೇಳಬೇಡಿ.


ತದಡಿ ದಕ್ಕೆ:

ಅದನ್ನು ಕೋಟಿತೀರ್ಥದಲ್ಲಿ ಮಾಡಿಸಬೇಡಿ, ಅದು ಸಿಹಿನೀರು, ನಿಮ್ಮ ನಿಯಮದ ಪ್ರಕಾರ ಮಾದು ಅಲ್ಲಿಗೆ ಬರಲಾರ. ಸಮುದ್ರದ ದಂಡೆಯಲ್ಲಿ ಮಾಡಿಸಿ. ಮಹಾಲಯ ಅಮಾವಾಸ್ಯೆ ಅಂದರೆ ಬೆಳಗ್ಗೆ ಐದರ ಸುಮಾರಿಗೆ ಇಳಿತ, ಹನ್ನೊಂದಕ್ಕೆ ಭರ್ತಿ. ಎಂಟೂವರೆಗೆ ಶ್ರೀಪಾದ ಒಣ ಮರಳಿನ ಮೇಲೆ ಕೂತಿರಲಿ. ನೀರು ಏರುತ್ತಲೇ ಇರುತ್ತದೆ, ಸಂಬಂಧ ಹೇಳುವ ಹೊತ್ತಿಗೆ ಅವನ ಪಾದ ಮುಟ್ಟಿರುತ್ತದೆ.